ಚರಂಡಿ ನೀರಲ್ಲಿ ಟೊಮೆಟೊ: ನೇರಳೆ ಪೈಪಿನ ಜೊತೆ ಎರಡು ಹಂಗಾಮು

ಮೊದಲ ದಿನ ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದೆ. ತಿಳಿಯಾಗಿತ್ತು. ವಾಸನೆ ಅಂತ ಹೇಳುವಷ್ಟು ಏನಿರಲಿಲ್ಲ. ಒದ್ದೆ ಮಣ್ಣಿನ ವಾಸನೆ, ಅದರ ಹಿಂದೆ ಚೂರು ಕ್ಲೋರಿನ್. ಪಕ್ಕದಲ್ಲಿ ನಿಂತಿದ್ದ ಅಕ್ಕ ನೀರು ನೋಡಲಿಲ್ಲ, ಲೋಟ ನೋಡಿದಳು. "ಅದು ಇನ್ನು ಅಡುಗೆಮನೆಗೆ ಬರೋದು ಬೇಡ" ಅಂದಳು. ಬರಲಿಲ್ಲ. ಈಗಲೂ ಪಂಪ್ ಶೆಡ್ಡಿನ ಕಿಟಕಿಯಲ್ಲೇ ಕೂತಿದೆ.

ನಮ್ಮದು ಮೂರು ಎಕರೆ. ಅಕ್ಕ, ನಾನು, ಜೊತೆಗೆ ಇಬ್ಬರು ಕೆಲಸದವರು. ಬಾವಿ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಕೊನೆಕೊನೆಗೆ ಅರ್ಧ ಗಂಟೆ ಪಂಪ್ ಓಡಿಸಿದರೆ ನೀರಿನ ಬದಲು ಗಾಳಿ. ಹತ್ತಿರದಲ್ಲೇ ಒಂದು ಕೊಳಚೆ ನೀರು ಶುದ್ಧೀಕರಣ ಘಟಕ ಇತ್ತು. ಅಲ್ಲಿಂದ ಹೊಲಗಳಿಗೆ ಪೈಪ್ ಎಳೆಯುತ್ತೇವೆ, ಬೇಕಾದವರು ಅರ್ಜಿ ಹಾಕಿ ಅಂದರು. ಹಾಕಿದೆವು. ಅರ್ಜಿಯ ಕಥೆ ಬಿಡಿ, ಅದು ಎಲ್ಲ ಅರ್ಜಿಗಳ ಕಥೆಯ ಹಾಗೇ. ನೀರು ನಮ್ಮ ಬೇಲಿಗೆ ಬಂದ ಮೇಲೆ ಏನಾಯಿತು ಅನ್ನೋದನ್ನ ಬರೆಯುತ್ತೇನೆ.

ಪೈಪ್ ಬರುವ ಮೊದಲು ಒಂದು ದಿನ ಘಟಕಕ್ಕೆ ಹೋಗಿದ್ದೆವು. ಅಲ್ಲಿನ ಆಪರೇಟರ್ ಮೂರು ಗಾಜಿನ ಜಾಡಿ ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಒಳಬರುವ ಕೊಳಚೆ, ಬೂದು ಬಣ್ಣ. ಎರಡನೆಯದರಲ್ಲಿ ಗಾಳಿ ಊದಿ, ಕೆಸರು ಕೆಳಗಿಳಿಸಿದ ನೀರು, ತೆಳು ಚಹಾದ ಬಣ್ಣ. ಮೂರನೆಯದು ಮರಳಿನ ಫಿಲ್ಟರ್ ದಾಟಿ, ಅತಿನೇರಳೆ ದೀಪದ ಕೆಳಗೆ ಹಾದು, ಚೂರು ಕ್ಲೋರಿನ್ ಬೆರೆಸಿಕೊಂಡು ಬಂದದ್ದು. ಅದು ನೀರಿನ ಹಾಗೇ ಕಾಣುತ್ತಿತ್ತು.

"ಎರಡನೇ ಜಾಡಿ ನೋಡಿ ಜನ ಮೋಸ ಹೋಗ್ತಾರೆ ಸರ್" ಅಂದರು ಅವರು. ಕೊಳಚೆಯಲ್ಲಿ 100 ಮಿ.ಲೀ.ಗೆ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಸುಮಾರು ಒಂದು ಕೋಟಿ ಇರುತ್ತದಂತೆ. ಎರಡನೇ ಹಂತ ಮುಗಿಯುವಾಗ ನೂರಕ್ಕೆ 99 ಹೋಗಿರುತ್ತವೆ ಅಂತಲೇ ಇಟ್ಟುಕೊಳ್ಳಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಕೋಟಿಯಲ್ಲಿ ನೂರಕ್ಕೊಂದು ಉಳಿದರೂ ಅದು ಒಂದು ಲಕ್ಷ. ಹಾಗಾಗಿ ಈ ಕೆಲಸದಲ್ಲಿರೋರು ಶೇಕಡಾ ಲೆಕ್ಕ ಹೇಳೋದಿಲ್ಲ. ಎಷ್ಟು ಸೊನ್ನೆ ಹಾರಿಸಿದೆವು ಅಂತ ಲೆಕ್ಕ ಇಡುತ್ತಾರೆ. ಅವರ ಬಾಯಲ್ಲಿ ಅದು 'ಲಾಗ್'. ನೂರಕ್ಕೆ 90 ಹೋದರೆ ಒಂದು ಸೊನ್ನೆ, 99 ಹೋದರೆ ಎರಡು, 99.9 ಹೋದರೆ ಮೂರು.

ಈ ಸೊನ್ನೆ ಲೆಕ್ಕ ಅವತ್ತು ನನಗೆ ಸುಮ್ನೆ ಒಂದು ಮಾತು ಅನ್ನಿಸಿತ್ತು. ಆಮೇಲೆ ಇಡೀ ಹೊಲ ಅದರ ಮೇಲೇ ನಡೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ 1989ರ ಮಾರ್ಗಸೂಚಿಯಲ್ಲಿ ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿಗೆ ಒಂದು ಅಂಕಿ ಇತ್ತು: 100 ಮಿ.ಲೀ.ಗೆ ಮಲಮೂಲದ ಕೋಲಿಫಾರ್ಮ್ (ಇ. ಕೋಲಿ ಸೇರಿರುವ ಬ್ಯಾಕ್ಟೀರಿಯಾ ಬಳಗ) ಒಂದು ಸಾವಿರ ಮೀರಬಾರದು. 2006ರ ಮಾರ್ಗಸೂಚಿಯಲ್ಲಿ ಯೋಚನೆಯೇ ಬದಲಾಯಿತು. ಕೊಳಚೆಯಿಂದ ತಟ್ಟೆಯವರೆಗಿನ ದಾರಿಯಲ್ಲಿ ಒಟ್ಟು ಆರರಿಂದ ಏಳು ಸೊನ್ನೆ ಹಾರಬೇಕು, ಎಲ್ಲೆಲ್ಲಿ ಎಷ್ಟು ಹಾರಿಸುತ್ತೀರಿ ಅನ್ನೋದನ್ನ ನೀವೇ ಜೋಡಿಸಿಕೊಳ್ಳಿ ಅಂತ. ಒಂದಷ್ಟು ಘಟಕದಲ್ಲಿ. ಹನಿ ನೀರಾವರಿ ಮಾಡಿದರೆ, ನೆಲಕ್ಕೆ ತಾಗುವ ಬೆಳೆಗೆ ಎರಡು, ನೆಲದಿಂದ ಮೇಲೆ ತೂಗುವ ಬೆಳೆಗೆ ನಾಲ್ಕು. ಕೊನೇ ನೀರಿಗೂ ಕೊಯ್ಲಿಗೂ ನಡುವೆ ಬಿಸಿಲಲ್ಲಿ ಬಿಟ್ಟರೆ ದಿನಕ್ಕೆ ಅರ್ಧದಿಂದ ಎರಡು. ಒಳ್ಳೆ ನೀರಲ್ಲಿ ತೊಳೆದರೆ ಒಂದು. ಸಿಪ್ಪೆ ತೆಗೆದರೆ ಎರಡು. ಬೇಯಿಸಿದರೆ ಆರೋ ಏಳೋ ಒಂದೇ ಏಟಿಗೆ.

ಇದನ್ನು ಓದಿದ ರಾತ್ರಿ ಅಕ್ಕನೂ ನಾನೂ ಕಾಗದ ಹರಡಿಕೊಂಡು ಕೂತೆವು. ಮೊದಲು ಅವಳು ಕೇಳಿದ್ದು ಸೊಪ್ಪಿನ ಬಗ್ಗೆ. ನಾವು ಬೇಗ ಕೈಗೆ ದುಡ್ಡು ಬರೋ ಬೆಳೆ ಅಂತ ಲೆಟಿಸ್ ಬೆಳೆಯುತ್ತಿದ್ದೆವು. ನೆಲಕ್ಕೆ ಅಂಟಿಕೊಂಡಿರುತ್ತದೆ, ಎಲೆ ಮಡಿಕೆಯಲ್ಲಿ ನೀರು ನಿಲ್ಲುತ್ತದೆ, ಹಸಿಯಾಗೇ ತಿನ್ನುತ್ತಾರೆ. ಅದಕ್ಕೆ ಆರು ಸೊನ್ನೆ ಬೇಕು, ಹೊಲದಲ್ಲಿ ಹಾರಿಸೋಕೆ ಸಿಗೋದು ಕಡಿಮೆ. 1970ರಲ್ಲಿ ಜೆರುಸಲೇಮಿನಲ್ಲಿ ಕಾಲರಾ ಹಬ್ಬಿದಾಗ ಬೆರಳು ತೋರಿಸಿದ್ದು ಕಚ್ಚಾ ಕೊಳಚೆ ಹಾಯಿಸಿ ಬೆಳೆದ ಲೆಟಿಸ್‌ನಂಥ ಹಸಿ ತರಕಾರಿಗಳ ಕಡೆಗೇ. ನಮ್ಮದು ಕಚ್ಚಾ ಕೊಳಚೆ ಅಲ್ಲ, ಗೊತ್ತು. ಆದರೂ ಲೆಟಿಸ್ ಬಿಟ್ಟೆವು. ಕ್ಯಾರೆಟ್ಟೂ ಬೇಡ, ಅದು ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬೆಳೆಯೋದು. ಒಂದು ಎಕರೆ ಟೊಮೆಟೊ, ಕೋಲಿಗೆ ಕಟ್ಟಿ. ಒಂದು ಎಕರೆ ಮೆಕ್ಕೆಜೋಳ, ದನಕ್ಕೆ. ಉಳಿದದ್ದರಲ್ಲಿ ಬೀನ್ಸ್. ಬೀನ್ಸ್ ಬೇಯಿಸಿಯೇ ತಿನ್ನೋದು, ಅದಕ್ಕಿಂತ ಸುರಕ್ಷಿತ ಏನಿದೆ ಅಂದುಕೊಂಡೆ. ಆ ಬೀನ್ಸಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಪೈಪ್ ನೇರಳೆ ಬಣ್ಣದ್ದು. ಮರುಬಳಕೆ ನೀರಿಗೆ ಹಲವು ದೇಶಗಳಲ್ಲಿ ಇದೇ ಬಣ್ಣ, ಕುಡಿಯುವ ನೀರಿನ ಪೈಪಿನ ಜೊತೆ ಅದಲುಬದಲಾಗಬಾರದು ಅಂತ. ನಮ್ಮ ಬಾವಿ ಲೈನಿಗೂ ಇದಕ್ಕೂ ಎಲ್ಲೂ ಜೋಡಣೆ ಇರಬಾರದು ಅಂದರು. ನಡುವೆ ವಾಲ್ವ್ ಹಾಕಿದ್ದೇನೆ ಅಂದರೂ ಒಪ್ಪಲಿಲ್ಲ. ವಾಲ್ವ್ ಸೋರುತ್ತದೆ, ಗಾಳಿ ಸೋರೋದಿಲ್ಲ. ಎರಡೂ ನೀರು ಒಂದೇ ತೊಟ್ಟಿಗೆ ಬೀಳಬೇಕಾದರೆ ಬಾವಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಯಲ್ಲಿ ತೂಗುತ್ತಿರಬೇಕು. ಕಿರಿಕಿರಿ ಅನ್ನಿಸಿತು. ಮಾಡಿದೆ.

ಈಗ ಪರೀಕ್ಷೆಯ ಕಥೆ.

ಘಟಕ ಕೊಟ್ಟ ರಿಪೋರ್ಟಿನಲ್ಲಿ ಇ. ಕೋಲಿ 100 ಮಿ.ಲೀ.ಗೆ 8 ಅಂತಿತ್ತು. ಅದು ತುಂಬಾ ಒಳ್ಳೆ ಅಂಕಿ. ಯುರೋಪಿನ ಒಕ್ಕೂಟದ 2020ರ ನಿಯಮ, 2023ರ ಜೂನ್ 26ರಿಂದ ಜಾರಿಯಲ್ಲಿರೋದು, ಹಸಿ ತಿನ್ನುವ ಭಾಗಕ್ಕೇ ನೀರು ತಾಗುವ ಬೆಳೆಗೆ ಕೇಳೋದು 10ರ ಒಳಗೆ. ಅದಕ್ಕೆ 'ಎ' ದರ್ಜೆ ಅನ್ನುತ್ತಾರೆ. ನೆಲದಿಂದ ಮೇಲೆ ಬಿಟ್ಟು, ಹಣ್ಣಿಗೆ ನೀರು ತಾಗದ ಹಾಗೆ ಹನಿಯಲ್ಲೇ ಕೊಟ್ಟರೆ 1,000ದವರೆಗಿನ 'ಸಿ' ದರ್ಜೆ ನೀರೂ ಆಗುತ್ತದೆ. ಹಾಗಾಗಿ ನಾನು ನಿರಾಳವಾಗಿದ್ದೆ.

ಅಕ್ಕ ಬಿಡಲಿಲ್ಲ. "ಅವರ ನಲ್ಲಿ ಅವರು ಅಳೆದರು. ನಮ್ಮ ನಲ್ಲಿ ಅಳೆದವರು ಯಾರು?"

ಲ್ಯಾಬಿನಿಂದ ಬಾಟಲಿ ತಂದೆ. ಮುಚ್ಚಳ ತೆಗೆಯುವ ಮೊದಲೇ ಎಚ್ಚರಿಕೆ ಹೇಳಿ ಕಳಿಸಿದ್ದರು. ತಳದಲ್ಲಿ ಚೂರು ಬಿಳಿ ಪುಡಿ ಇರುತ್ತದೆ, ಕೊಳೆ ಅಂದುಕೊಂಡು ತೊಳೆಯಬೇಡಿ. ಅದು ಸೋಡಿಯಂ ಥಯೋಸಲ್ಫೇಟ್. ನೀರಲ್ಲಿರುವ ಕ್ಲೋರಿನ್ ಅನ್ನು ಅಲ್ಲೇ ನಿಲ್ಲಿಸುತ್ತದೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ಲ್ಯಾಬಿಗೆ ತಲುಪುವಾಗ ನೀರು ಹೊಲದಲ್ಲಿದ್ದದ್ದಕ್ಕಿಂತ ಚೊಕ್ಕ ಆಗಿರುತ್ತದೆ. ನಲ್ಲಿ ಬಾಯಿ ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಆಮೇಲೆ ತುಂಬಿಸಿದೆ. ಐಸ್ ಡಬ್ಬದಲ್ಲಿಟ್ಟು ಅವತ್ತೇ ಮುಟ್ಟಿಸಿದೆ. ತುಂಬಿಸಿದ್ದು ಎಲ್ಲಿಂದ ಅಂದರೆ ನಮ್ಮ ಹೊಂಡದಿಂದ ಡ್ರಿಪ್‌ಗೆ ಹೋಗುವ ಪೈಪಿನ ನಲ್ಲಿಯಿಂದ. ಘಟಕ ನೀರು ಬಿಡೋದು ರಾತ್ರಿ, ನಮಗೆ ಬೇಕಾಗೋದು ಬೆಳಗ್ಗೆ. ಅದಕ್ಕೇ ಪ್ಲಾಸ್ಟಿಕ್ ಹಾಸಿ ಒಂದು ತೆರೆದ ಹೊಂಡ ಮಾಡಿದ್ದೆವು.

ಮಾರನೇ ದಿನ ಲ್ಯಾಬಿನ ಹುಡುಗಿ ಒಳಗೆ ಕರೆದಳು. "ಬನ್ನಿ ಸರ್, ನೀವೇ ನೋಡಿ." ಮೇಜಿನ ಮೇಲೆ ಅಂಗೈಗಿಂತ ದೊಡ್ಡ ಪ್ಲಾಸ್ಟಿಕ್ ಹಾಳೆ. ಮಾತ್ರೆ ಪಟ್ಟಿಯ ಹಾಗೆ ತುಂಬ ಗುಳಿ. 49 ದೊಡ್ಡವು, 48 ಸಣ್ಣವು, ಒಟ್ಟು 97. ನನ್ನ 100 ಮಿ.ಲೀ. ನೀರನ್ನು ಒಂದು ಪುಡಿ ಬೆರೆಸಿ ಆ ಗುಳಿಗಳಿಗೆ ಹಂಚಿ, ಮುಚ್ಚಿ, ಒಂದು ದಿನ ಬೆಚ್ಚಗೆ ಇಟ್ಟಿದ್ದಳು. ಕೋಲಿಫಾರ್ಮ್ ಇದ್ದ ಗುಳಿ ಹಳದಿಯಾಗುತ್ತದೆ. ಅದರಲ್ಲಿ ಇ. ಕೋಲಿ ಇದ್ದರೆ ಅತಿನೇರಳೆ ಬೆಳಕಿನಲ್ಲಿ ನೀಲಿ ಹೊಳೆಯುತ್ತದೆ. ಹೊಳೆಯುವ ಗುಳಿ ಎಣಿಸಿ ಕೋಷ್ಟಕದಲ್ಲಿ ನೋಡಿದರೆ ಅಂಕಿ ಸಿಗುತ್ತದೆ.

ದೀಪ ಆರಿಸಿ ಸಣ್ಣ ಟಾರ್ಚ್ ಹಿಡಿದಳು. ಎಣಿಸೋ ಅಗತ್ಯವೇ ಬರಲಿಲ್ಲ. ಹಾಳೆ ಪೂರ್ತಿ ನೀಲಿ. ಒಂದು ಗುಳಿಯೂ ಬಿಡದೆ. ಚೆಂದ ಕಾಣುತ್ತಿತ್ತು ಅಂತ ಹೇಳೋಕೆ ನಾಚಿಕೆಯಾಗುತ್ತದೆ, ಆದರೆ ಕಾಣುತ್ತಿತ್ತು.

"ಇದರ ಮೇಲೆ ಈ ಹಾಳೆ ಅಳೆಯೋದಿಲ್ಲ ಸರ್" ಅಂದು ರಿಪೋರ್ಟಿನಲ್ಲಿ '2,419ಕ್ಕಿಂತ ಜಾಸ್ತಿ' ಅಂತ ಬರೆದಳು. ಘಟಕದ ನಲ್ಲಿಯಲ್ಲಿ 8. ನಮ್ಮ ಹೊಂಡ ದಾಟಿದ ಮೇಲೆ ಇದು.

ಘಟಕದವರಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. ಆಪರೇಟರ್ ಸಮಾಧಾನವಾಗಿ ಒಂದೇ ಪ್ರಶ್ನೆ ಕೇಳಿದರು: "ಹೊಂಡದ ಮೇಲೆ ಏನಾದ್ರೂ ಮುಚ್ಚಿದ್ದೀರಾ ಸರ್?" ಹೋಗಿ ನೋಡಿದೆ. ಅಂಚಿನಲ್ಲಿ ಹಕ್ಕಿ ಹಿಕ್ಕೆ. ಒಂದು ಮೂಲೆಯಲ್ಲಿ ಹಸಿರು ಪಾಚಿ. ನೀರು ಕುಡಿಯೋಕೆ ಬಂದ ನಾಯಿಯ ಹೆಜ್ಜೆ ಗುರುತು ಮಣ್ಣಲ್ಲಿ. ಕ್ಲೋರಿನ್ ಬಿಸಿಲಲ್ಲಿ ಒಂದು ದಿನದೊಳಗೆ ಹಾರಿಹೋಗುತ್ತದೆ, ಆಮೇಲೆ ಆ ನೀರಿಗೆ ಕಾವಲು ಇಲ್ಲ. ಶುದ್ಧೀಕರಿಸಿದ ನೀರನ್ನು ತಂದು, ಮತ್ತೆ ನಾವೇ ಕೊಳಕು ಮಾಡಿ, ಗಿಡಕ್ಕೆ ಕೊಡುತ್ತಿದ್ದೆವು.

ಹೊಂಡ ಮುಚ್ಚಿ ಕಪ್ಪು ಟ್ಯಾಂಕ್ ಕೂರಿಸಿದೆವು. ಬೆಳಕು ಹೋಗದಿದ್ದರೆ ಪಾಚಿ ಇಲ್ಲ. ಒಂದು ರಾತ್ರಿಗಿಂತ ಜಾಸ್ತಿ ನೀರು ಕೂಡಿಡೋದಿಲ್ಲ. ಮುಂದಿನ ಪರೀಕ್ಷೆಯಲ್ಲಿ 31 ಬಂತು. ಅಲ್ಲಿಂದ ಮುಂದೆ ನಾನು ಘಟಕದ ರಿಪೋರ್ಟನ್ನು ಫೈಲಿಗೆ ಹಾಕುತ್ತೇನೆ. ನಂಬೋದು ಡ್ರಿಪ್ಪಿನ ಬಾಯಲ್ಲಿ ಹಿಡಿದ ನೀರನ್ನು.

ಇ. ಕೋಲಿ ಕಡಿಮೆ ಬಂತು ಅಂದರೆ ಎಲ್ಲ ಮುಗಿಯಿತು ಅಂತ ಅಲ್ಲ. ಅದು ಒಂದು ಸೂಚನೆ ಅಷ್ಟೇ. ಜಂತುಹುಳದ ಮೊಟ್ಟೆಗೆ ಕ್ಲೋರಿನ್ ಅಂದರೆ ಲೆಕ್ಕಕ್ಕಿಲ್ಲ, ಅದರ ಚಿಪ್ಪು ಅಷ್ಟು ಗಟ್ಟಿ. ಮಣ್ಣಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತದೆ. ಅದನ್ನು ಕೊಲ್ಲೋಕೆ ಹೋಗೋದಿಲ್ಲ, ಹಿಡಿಯುತ್ತಾರೆ. ನಿಂತ ನೀರಲ್ಲಿ ತಳಕ್ಕೆ ಕೂರುತ್ತದೆ, ಮರಳಿನ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಲೀಟರಿಗೆ ಒಂದು ಮೊಟ್ಟೆಗಿಂತ ಜಾಸ್ತಿ ಇರಬಾರದು, 15 ವರ್ಷದೊಳಗಿನ ಮಕ್ಕಳು ಓಡಾಡುವ ಹೊಲವಾದರೆ 0.1 ಅಂತ ಮಾರ್ಗಸೂಚಿ. ಘಟಕಕ್ಕೆ ಹೋದಾಗ ಯಾರೂ ಕೇಳದ ಪ್ರಶ್ನೆ ಇದು. ನೀವು ಹೋದರೆ ಕೇಳಿ. ನಮ್ಮಲ್ಲಿ ಮಕ್ಕಳಿಗೆ ಈ ಹೊಲಕ್ಕೆ ಪ್ರವೇಶ ಇಲ್ಲ. ಕೆಲಸದವರಿಗೆ ಬೂಟು, ಕೈಗವಸು, ಗೇಟಿನ ಹತ್ತಿರ ಬಾವಿ ನೀರಿನ ನಲ್ಲಿ ಮತ್ತು ಸೋಪು. ಮೊದಲ ವಾರ ಬೂಟು ಮರದ ಕೆಳಗೆ ಬಿದ್ದಿರುತ್ತಿತ್ತು. ಸೆಖೆಯಲ್ಲಿ ಯಾರು ಹಾಕುತ್ತಾರೆ? ಕೊಕ್ಕೆಹುಳ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ ಅಂತ ಅಕ್ಕ ಚಿತ್ರ ಸಮೇತ ವಿವರಿಸಿದ ಮೇಲೆ ಎಲ್ಲರೂ ಹಾಕಿದರು. ನಾನೂ.

ಡ್ರಿಪ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಈ ನೀರಿಗೆ ಹನಿ ನೀರಾವರಿಯೇ ಸರಿ. ಸ್ಪ್ರಿಂಕ್ಲರ್ ಬೇಡ, ಗಾಳಿಗೆ ಹನಿ ಹಾರಿ ಎಲೆ, ಹಣ್ಣು, ಮನುಷ್ಯರ ಮುಖ ಎಲ್ಲದರ ಮೇಲೂ ಕೂರುತ್ತದೆ. ಆದರೆ ಡ್ರಿಪ್ಪಿಗೆ ಈ ನೀರು ಇಷ್ಟ ಇಲ್ಲ. ಐದನೇ ವಾರಕ್ಕೆ ಸಾಲಿನ ಕೊನೆಯ ಗಿಡಗಳು ಬಾಡೋಕೆ ಶುರುವಾದವು. ಸಾಲಿನುದ್ದಕ್ಕೂ ಹೋಗುವ ಡ್ರಿಪ್ ಪೈಪ್ ಕತ್ತರಿಸಿ ಬೆರಳು ಹಾಕಿ ನೋಡಿದರೆ ಒಳಗೋಡೆಗೆ ಲೋಳೆ, ಮೂಗಿನ ಸಿಂಬಳದ ಹಾಗೆ. ನೀರಲ್ಲಿ ಉಳಿದ ಗೊಬ್ಬರದಂಶ ತಿಂದು ಬ್ಯಾಕ್ಟೀರಿಯಾ ಅಲ್ಲೇ ಸಂಸಾರ ಹೂಡಿತ್ತು. ಮರಳು ಫಿಲ್ಟರ್, ಅದರ ಹಿಂದೆ 120 ಮೆಶ್‌ನ ಡಿಸ್ಕ್ ಫಿಲ್ಟರ್ ಹಾಕಿದೆವು. ವಾರಕ್ಕೊಮ್ಮೆ ಪ್ರತಿ ಸಾಲಿನ ತುದಿ ಬಿಚ್ಚಿ, ಬರುವ ಕಂದು ನೀರು ತಿಳಿಯಾಗುವ ತನಕ ಬಿಡುವುದು. ಆಗಾಗ ಸ್ವಲ್ಪ ಕ್ಲೋರಿನ್ ಹೊಡೆದು, ಸಾಲಿನ ಕೊನೆಯಲ್ಲೂ ಲೀಟರಿಗೆ ಒಂದೆರಡು ಮಿ.ಗ್ರಾಂ. ಉಳಿದಿದೆಯಾ ಅಂತ ನೋಡುವುದು. ಉಪ್ಪಿನ ಕಲ್ಲು ಕಟ್ಟಿದ್ದರೆ ಆಸಿಡ್ ಹಾಕಿ ಬಿಡಿಸುತ್ತಾರೆ. ಆದರೆ ಆಸಿಡ್ ಮತ್ತು ಕ್ಲೋರಿನ್ ಒಂದೇ ದಿನ, ಒಂದೇ ತೊಟ್ಟಿಯಲ್ಲಿ ಖಂಡಿತ ಬೇಡ. ಎರಡೂ ಸೇರಿದರೆ ಏಳೋದು ಕ್ಲೋರಿನ್ ಗ್ಯಾಸ್. ಮುಚ್ಚಿದ ಶೆಡ್ಡಿನಲ್ಲಿ ಅದು ಜೀವಕ್ಕೇ ಬರುತ್ತದೆ.

ರೋಗದ ಬಗ್ಗೆ ನಾನು ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿರಲಿಲ್ಲ. ಆದರೆ ಮೊದಲ ಹಂಗಾಮಿನಲ್ಲಿ ನನಗೆ ಏಟು ಬಿದ್ದದ್ದು ಬೇರೆ ಎರಡು ಕಡೆ. ಗೊಬ್ಬರ, ಮತ್ತೆ ಉಪ್ಪು.

ಟೊಮೆಟೊ ಗಿಡ ನೋಡಿ ದಾರಿಹೋಕರೆಲ್ಲ ಹೊಗಳಿದರು. ಎದೆಯೆತ್ತರ, ಕಡು ಹಸಿರು, ದಪ್ಪ ಕಾಂಡ. ಹೂವು ಮಾತ್ರ ಇಲ್ಲ. ಬಂದ ಹೂವೂ ತಡವಾಗಿ ಬಂತು. ನಾನು ಪ್ರತಿ ವರ್ಷ ಹಾಕುವಷ್ಟೇ ಗೊಬ್ಬರ ಹಾಕಿದ್ದೆ. ಲೆಕ್ಕ ತಪ್ಪಿದ್ದು ಅಲ್ಲೇ. ನಮ್ಮ ನೀರಲ್ಲಿ ಲೀಟರಿಗೆ 20 ಮಿ.ಗ್ರಾಂ. ಸಾರಜನಕ ಇತ್ತು. ಹಂಗಾಮಿಗೆ ಒಟ್ಟು 500 ಮಿ.ಮೀ. ನೀರು ಕೊಟ್ಟರೆ ಎಕರೆಗೆ ಸುಮಾರು 20 ಲಕ್ಷ ಲೀಟರ್. ಅದರೊಳಗೆ ಸಾರಜನಕ 40 ಕಿಲೋ. ಯೂರಿಯಾ ಲೆಕ್ಕದಲ್ಲಿ 87 ಕಿಲೋ, ನಲ್ಲಿಯಲ್ಲಿ ಪುಕ್ಕಟೆ ಬರುತ್ತಿತ್ತು. ಅದರ ಮೇಲೆ ನಾನು ಮತ್ತೆ ಚೀಲ ಬಿಚ್ಚಿ ಹಾಕುತ್ತಿದ್ದೆ. ಇನ್ನೊಂದು ತೊಂದರೆ, ಚೀಲದ ಗೊಬ್ಬರ ಬೇಡವಾದಾಗ ನಿಲ್ಲಿಸಬಹುದು. ಇದು ನಿಲ್ಲೋದಿಲ್ಲ. ಗಿಡ ಹಣ್ಣಿನ ಕಡೆ ತಿರುಗಬೇಕಾದ ಹೊತ್ತಲ್ಲೂ ನೀರಿನ ಜೊತೆ ಸಾರಜನಕ ಬರುತ್ತಲೇ ಇರುತ್ತದೆ. ಎರಡನೇ ಹಂಗಾಮಿನಲ್ಲಿ ಚೀಲದ ಸಾರಜನಕವನ್ನು ಬಹುಪಾಲು ನಿಲ್ಲಿಸಿದೆ. ಹೂ ಬಿಡುವ ಹೊತ್ತಿಗೆ, ಬಾವಿಯಲ್ಲಿ ಇದ್ದಷ್ಟು ನೀರನ್ನು ಬೆರೆಸಿ ಕೊಟ್ಟೆ. ಗಿಡ ಗಿಡ್ಡವಾಯಿತು, ಹಣ್ಣು ಜಾಸ್ತಿಯಾಯಿತು. ದಾರಿಹೋಕರು ಹೊಗಳುವುದು ನಿಲ್ಲಿಸಿದರು.

ಉಪ್ಪಿನದ್ದು ಇನ್ನೂ ಮೆಲ್ಲಗೆ ಬಂದ ಏಟು. ಮನೆಯಲ್ಲಿ ಬಳಸಿದ ನೀರಿಗೆ ಅಡುಗೆಯ ಉಪ್ಪು, ಸೋಪು, ಎಲ್ಲ ಸೇರುತ್ತದೆ. ಮರಳು ಫಿಲ್ಟರ್, ಅತಿನೇರಳೆ, ಕ್ಲೋರಿನ್ ಯಾವುದೂ ಕರಗಿದ ಉಪ್ಪನ್ನು ತೆಗೆಯೋದಿಲ್ಲ. ನಮ್ಮ ನೀರಿನ ಇ.ಸಿ., ಅಂದರೆ ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಉಪ್ಪು ಅಂದಾಜು ಮಾಡುವ ಅಳತೆ, ಮೀಟರಿಗೆ 1.4 ಡೆಸಿಸೀಮೆನ್ಸ್ ಇತ್ತು. ಉಪ್ಪಿನ ತೂಕಕ್ಕೆ ಇಳಿಸಿದರೆ ಲೀಟರಿಗೆ ಸುಮಾರು 900 ಮಿ.ಗ್ರಾಂ. ನಾಲಿಗೆಗೆ ಇದು ದೊಡ್ಡದಲ್ಲ. ಆದರೆ ಅದೇ 20 ಲಕ್ಷ ಲೀಟರಿಗೆ ಗುಣಿಸಿ ನೋಡಿ. ಒಂದು ಎಕರೆಗೆ ಒಂದು ಹಂಗಾಮಿನಲ್ಲಿ 1,800 ಕಿಲೋ. ನಾನು ಹೊಲಕ್ಕೆ ಸುಮಾರು ಎರಡು ಟನ್ ಉಪ್ಪು ಎರಚಿದ್ದೆ, ಹನಿಹನಿಯಾಗಿ.

ಬೀನ್ಸ್‌ಗೆ ಗೊತ್ತಾಯಿತು. ಮೊದಲು ಎಲೆ ಅಂಚು ಸುಟ್ಟ ಹಾಗೆ ಕಂದಾಯಿತು. ನೀರು ಸಾಲದೇನೋ ಅಂತ ಇನ್ನಷ್ಟು ಕೊಟ್ಟೆ, ಅಂದರೆ ಇನ್ನಷ್ಟು ಉಪ್ಪು. ಕಾಯಿ ಕುಂಟಿತು. ನಾಲ್ಕರಲ್ಲಿ ಒಂದು ಪಾಲು ಇಳುವರಿ ಹೋಯಿತು. ಆಮೇಲೆ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 1985ರಲ್ಲಿ ಪ್ರಕಟಿಸಿದ ನೀರಾವರಿ ನೀರಿನ ಗುಣಮಟ್ಟದ ಕೋಷ್ಟಕ ತೆಗೆದು ನೋಡಿದೆ. ಬೀನ್ಸ್ ಇಳುವರಿ ಕಳೆದುಕೊಳ್ಳದೆ ತಾಳೋದು 0.7ರ ನೀರು. 1.5ಕ್ಕೆ ಇಳುವರಿ ಮುಕ್ಕಾಲಿಗೆ ಇಳಿಯುತ್ತದೆ ಅಂತ ಅಲ್ಲಿ ಮೊದಲೇ ಬರೆದಿಟ್ಟಿದೆ. ಟೊಮೆಟೊ 1.7ರವರೆಗೆ ಜಗ್ಗೋದಿಲ್ಲ. ರೋಗದ ಲೆಕ್ಕದಲ್ಲಿ ಬೀನ್ಸ್ ನನ್ನ ಅತಿ ಸುರಕ್ಷಿತ ಬೆಳೆ, ಉಪ್ಪಿನ ಲೆಕ್ಕದಲ್ಲಿ ಅತಿ ಸೂಕ್ಷ್ಮ ಬೆಳೆ. ನಾನು ಒಂದೇ ಕಣ್ಣಲ್ಲಿ ನೋಡಿದ್ದೆ.

ಉಪ್ಪನ್ನು ಬೇರಿನ ಕೆಳಕ್ಕೆ ತಳ್ಳೋಕೆ ಗಿಡಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ನೀರು ಕೊಡಬೇಕು. ಟೊಮೆಟೊಗೆ ನಮ್ಮ ನೀರಲ್ಲಿ ಕೊಟ್ಟ ನೀರಿನ ನೂರಕ್ಕೆ 13 ಭಾಗ ಬೇರು ದಾಟಿ ಇಳಿಯಬೇಕು ಅಂತ ಲೆಕ್ಕ ಬಂತು. ಮಳೆ ಚೆನ್ನಾಗಿ ಬಂದರೆ ಆ ಕೆಲಸ ಮಳೆಯೇ ಮಾಡುತ್ತದೆ. ಆದರೆ ಇಳಿದ ಉಪ್ಪು, ಇಳಿದ ನೈಟ್ರೇಟ್ ಹೋಗೋದು ಎಲ್ಲಿಗೆ? ಕೆಳಗಿನ ಅಂತರ್ಜಲಕ್ಕೇ. ನಮ್ಮ ಬಾವಿಗೇ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ವರ್ಷಕ್ಕೆ ಎರಡು ಸಲ ಬಾವಿ ನೀರನ್ನೂ ಲ್ಯಾಬಿಗೆ ಕಳಿಸುತ್ತೇನೆ, ಅಷ್ಟೇ. ನಿಂಬೆ ಹಾಕೋಣ ಅಂತ ಅಕ್ಕನಿಗೆ ಆಸೆ ಇತ್ತು. ನಿಂಬೆಗೆ ಬೋರಾನ್ ಅಂದರೆ ಆಗದು, ಲೀಟರಿಗೆ ಅರ್ಧ ಮಿ.ಗ್ರಾಂ. ದಾಟಿದರೆ ಕಷ್ಟ. ಬೋರಾನ್ ಬರೋದು ಮುಖ್ಯವಾಗಿ ಬಟ್ಟೆ ಪುಡಿಯಿಂದ, ಮಾಮೂಲಿ ಘಟಕದಲ್ಲಿ ಅದೂ ಹೋಗೋದಿಲ್ಲ. ನಮ್ಮ ನೀರಲ್ಲಿ 0.6 ಇತ್ತು. ಆಸೆ ಅಲ್ಲಿಗೇ ನಿಂತಿತು.

ಇನ್ನು ಕ್ರೇಟಿನ ಕಥೆ. ಇದು ನನ್ನ ತಪ್ಪು, ಬೇರೆ ಯಾರದೂ ಅಲ್ಲ. ಎರಡನೇ ಹಂಗಾಮಿನ ಮೊದಲ ಕೊಯ್ಲು. ಎಲ್ಲ ಸರಿಯಾಗಿತ್ತು. ಗಿಡ ಕೋಲಿಗೆ ಕಟ್ಟಿತ್ತು, ಬುಡಕ್ಕೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಮಣ್ಣು ಹಣ್ಣಿಗೆ ಸಿಡಿಯುತ್ತಿರಲಿಲ್ಲ. ಟೊಮೆಟೊ ಒಂದೇ ಸಲ ಕೊಯ್ಯೋ ಬೆಳೆ ಅಲ್ಲವಲ್ಲ, ಅದಕ್ಕೆ ಪ್ರತಿ ಕೊಯ್ಲಿಗೆ ಎರಡು ದಿನ ಮೊದಲು ನೀರು ನಿಲ್ಲಿಸುತ್ತಿದ್ದೆವು. ನೆಲಕ್ಕೆ ಬಿದ್ದ ಹಣ್ಣು ಮುಟ್ಟುವ ಹಾಗಿಲ್ಲ. ಇಷ್ಟೆಲ್ಲ ಮಾಡಿ ಶೆಡ್ಡಿಗೆ ಬಂದು ನೋಡುತ್ತೇನೆ, ಕೆಲಸದ ಹುಡುಗ ಕ್ರೇಟುಗಳನ್ನು ತೊಳೆದು ಕವುಚಿ ಇಟ್ಟಿದ್ದಾನೆ. ತೊಳೆದದ್ದು ನೇರಳೆ ನಲ್ಲಿಯಲ್ಲಿ. ಹತ್ತಿರ ಇದ್ದದ್ದು ಅದೇ ನಲ್ಲಿ.

"ಅಣ್ಣಾ, ನೀರು ಕ್ಲೀನಾಗೇ ಇತ್ತಲ್ಲ" ಅಂದ. ಬೈಯೋಕೆ ಬಾಯಿ ಬರಲಿಲ್ಲ. ಮೊದಲ ದಿನ ಲೋಟ ಎತ್ತಿ ಹಿಡಿದು ನಾನೂ ಅದನ್ನೇ ಅಂದಿದ್ದೆ. ಕುಡಿಯಬೇಡಿ ಅಂತ ಬೋರ್ಡು ಹಾಕಿದ್ದೆ. ಕ್ರೇಟು ತೊಳೆಯಬೇಡಿ, ಔಷಧಿ ಸಿಂಪಡಣೆಗೆ ಬೆರೆಸಬೇಡಿ, ಹಣ್ಣು ಒರೆಸುವ ಬಟ್ಟೆ ನೆನೆಸಬೇಡಿ ಅಂತ ಎಲ್ಲಿ ಬರೆದಿದ್ದೆ? ಡ್ರಿಪ್ಪಿನಿಂದ ನಾಲ್ಕು ಸೊನ್ನೆ ಗಳಿಸಿ, ಒಂದು ಒದ್ದೆ ಕ್ರೇಟಿನಲ್ಲಿ ವಾಪಸ್ ಕೊಟ್ಟ ಹಾಗೆ. ಅವತ್ತೇ ಆ ನಲ್ಲಿಯ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಈಗ ಹಿಡಿ ಇರೋದು ನನ್ನ ಹತ್ತಿರ ಮತ್ತು ಅಕ್ಕನ ಹತ್ತಿರ. ಬಾವಿ ನೀರಿನ ನಲ್ಲಿಯನ್ನು ಶೆಡ್ಡಿನ ಬಾಗಿಲಿಗೆ ತಂದೆವು. ಎರಡನೆಯದೇ ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತದೆ. ಹತ್ತಿರದ ನಲ್ಲಿಯನ್ನೇ ಜನ ತಿರುಗಿಸೋದು.

ಆ ಹಂಗಾಮಿನಲ್ಲೇ ಒಂದು ರಾತ್ರಿ ಜೋರು ಮಳೆ. ಬೆಳಗ್ಗೆ ಅಭ್ಯಾಸದಂತೆ ಕಿಟಕಿಯ ಲೋಟದಲ್ಲಿ ನೀರು ಹಿಡಿದೆ. ಮಬ್ಬು. ತೆಳು ಚಹಾ, ಎರಡನೇ ಜಾಡಿಯ ಬಣ್ಣ. ತಕ್ಷಣ ವಾಲ್ವ್ ತಿರುಗಿಸಿದೆ. ಮಳೆ ನೀರು ಒಳಚರಂಡಿಗೆ ನುಗ್ಗಿ ಘಟಕದ ತಾಕತ್ತು ಮೀರಿತ್ತು, ಫಿಲ್ಟರ್ ತಾಳಿರಲಿಲ್ಲ. ನೀರು ಮಬ್ಬಾದರೆ ಅತಿನೇರಳೆ ದೀಪವೂ ದಂಡ. ಕಣಗಳ ನೆರಳಲ್ಲಿ ಕ್ರಿಮಿ ಬಚ್ಚಿಟ್ಟುಕೊಳ್ಳುತ್ತದೆ. ನನಗೆ ಸಿಟ್ಟು ಬಂದದ್ದು ಘಟಕ ಕೆಟ್ಟದ್ದಕ್ಕಲ್ಲ, ಯಾರೂ ಒಂದು ಫೋನ್ ಮಾಡದ್ದಕ್ಕೆ. ನಾಲ್ಕು ದಿನ ಟ್ಯಾಂಕರಿನಲ್ಲಿ ಬೇರೆ ನೀರು ತರಿಸಿ ಗಿಡ ಉಳಿಸಿಕೊಂಡೆವು. ಆಮೇಲೆ ಪೈಪ್ ಪಡೆದ ರೈತರೆಲ್ಲ ಸೇರಿ ಹೋಗಿ ಮಾತಾಡಿದೆವು. ಈಗ ಘಟಕದಲ್ಲಿ ನೀರು ಮಬ್ಬಾದ ತಕ್ಷಣ ನಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ಲೋಟ ಮಾತ್ರ ಕಿಟಕಿಯಿಂದ ಇಳಿಸಿಲ್ಲ.

ಒಂದು ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ಮಾತ್ರೆಗಳು. ಜನ ನುಂಗಿದ ಔಷಧಿ ಮೈಯಿಂದ ಹೊರಗೆ ಬಂದು ಕೊಳಚೆ ಸೇರುತ್ತದೆ, ಕೆಲವು ಘಟಕದಲ್ಲೂ ಒಡೆಯೋದಿಲ್ಲ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪೈನ್ ಅಂಥದ್ದು. 2016ರಲ್ಲಿ ಇಸ್ರೇಲಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಮರುಬಳಕೆ ನೀರಲ್ಲಿ ಬೆಳೆದ ತರಕಾರಿ ತಿಂದ ಆರೋಗ್ಯವಂತರ ಮೂತ್ರದಲ್ಲಿ ಈ ಔಷಧಿ ಜಾಸ್ತಿ ಕಂಡಿತು, ಸಿಹಿ ನೀರಿನ ತರಕಾರಿಗೆ ಬದಲಾಯಿಸಿದಾಗ ಇಳಿಯಿತು. ಪ್ರಮಾಣ ರೋಗಿಗೆ ಕೊಡುವ ಡೋಸಿನ ಮುಂದೆ ಏನೂ ಅಲ್ಲ. ಸೊನ್ನೆಯೂ ಅಲ್ಲ. ಇದು ಎಲೆಯಲ್ಲಿ ಜಾಸ್ತಿ ಕೂಡಿಕೊಳ್ಳುತ್ತದೆ, ಹಣ್ಣಿನಲ್ಲಿ ಕಡಿಮೆ. ಸೊಪ್ಪು ಬಿಟ್ಟದ್ದಕ್ಕೆ ನನಗೆ ಸಿಕ್ಕ ಇನ್ನೊಂದು ಕಾರಣ ಅದು. ಬಳಸದೆ ಉಳಿದ ಮಾತ್ರೆಯನ್ನು ಶೌಚಾಲಯಕ್ಕೆ ಸುರಿಯೋರು ಇದ್ದರೆ, ದಯವಿಟ್ಟು ಬೇಡ. ಅದು ನನ್ನ ಹೊಲಕ್ಕೆ ಬರುತ್ತದೆ.

ಎರಡನೇ ಹಂಗಾಮಿನ ಕೊನೆಗೆ ಹಣ್ಣನ್ನೇ ಪರೀಕ್ಷೆಗೆ ಕಳಿಸಿದೆವು. ಒಂದು ಚೀಲ ಈ ಹೊಲದ್ದು, ಇನ್ನೊಂದು ಬಾವಿ ನೀರಲ್ಲೇ ಬೆಳೆದ ಬೇರೆ ಹೊಲದ್ದು. ಯಾವುದು ಯಾವುದು ಅಂತ ಲ್ಯಾಬಿಗೆ ಹೇಳಲಿಲ್ಲ. ನಮ್ಮದರಲ್ಲಿ ಇ. ಕೋಲಿ ಸಿಗಲಿಲ್ಲ. ಬಾವಿ ನೀರಿನದರಲ್ಲಿ ಸಿಕ್ಕಿತು. ಆ ಹೊಲಕ್ಕೆ ಹಸಿ ಸಗಣಿ ಗೊಬ್ಬರ ಹಾಕಿದ್ದರಂತೆ. ಒಂದೇ ಪರೀಕ್ಷೆ, ಇದರ ಮೇಲೆ ಕುಣಿಯುವ ಹಾಗಿಲ್ಲ. ಅಕ್ಕ ಮಾತ್ರ ರಿಪೋರ್ಟನ್ನು ಎರಡು ಸಲ ಓದಿ, ಮಡಚಿ, ಲೋಟದೊಳಗೆ ಇಟ್ಟಳು.

ಹೋದ ವಾರ ಪಕ್ಕದ ಹೊಲದವರು ಬಂದಿದ್ದರು. ಅವರಿಗೂ ಪೈಪ್ ಮಂಜೂರಾಗಿದೆ.

"ನೀರು ಕ್ಲೀನಾಗಿ ಬರುತ್ತಾ?" ಅಂತ ಕೇಳಿದರು.

"ಏನು ಬೆಳೀಬೇಕು ಅಂತಿದ್ದೀರಿ?" ಅಂದೆ.

"ಸೊಪ್ಪು. ಹೊಂಡ ತೋಡಿಸಿ ಆಗಿದೆ. ಸ್ಪ್ರಿಂಕ್ಲರ್ ಸೆಟ್ಟೂ ತಂದಿಟ್ಟಿದ್ದೀನಿ."

ಅಕ್ಕ ಒಳಗಿಂದ ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಹಿಡಿಯುತ್ತೆ."